ಆಟದ ನಡುವೆ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದೆ, ಹೊಸ ಜೋಡಣೆ, ದಯವಿಟ್ಟು ಸಹಾಯ ಮಾಡಿ

ತೋಟದಮನೆ | ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷ ದುಡ್ಡು ಕೂಡಿಸಿ ಕಳೆದ ತಿಂಗಳು ನಾನೇ ಕೈಯಾರೆ ಕಂಪ್ಯೂಟರ್ ಜೋಡಿಸಿದೆ. ಇಂದು ಸಂಜೆಯಿಂದ ಮೂರನೇ ಸಲ ಆಟದ ನಡುವೆ ಪರದೆ ಕಪ್ಪಾಗಿ, ಎಲ್ಲವೂ ಮೊದಲಿನಿಂದ ಶುರುವಾಗಿದೆ. ನೀಲಿ ಪರದೆ ಬರುವುದಿಲ್ಲ, ಸಂದೇಶವೂ ಇಲ್ಲ. ಯಾರೋ ಸ್ವಿಚ್ ಆರಿಸಿ ಮತ್ತೆ ಹಾಕಿದಂತೆ. ವ್ಯಾಲೊರಂಟ್ ಆಡುವಾಗ ಏನೂ ಆಗುವುದಿಲ್ಲ. ಕಾರು ಓಟದ ಆಟ ಫೋರ್ಜಾ ಹೊರೈಝನ್ 5 ತೆರೆದರೆ ಮಾತ್ರ ಈ ಕಾಟ.

ಪ್ರೊಸೆಸರ್: ರೈಝನ್ 5 5600
ಮದರ್‌ಬೋರ್ಡ್: ಬಿ550
ಮೆಮೊರಿ: 8+8 ಜಿಬಿ, ಡಿಡಿಆರ್4 3200
ಗ್ರಾಫಿಕ್ಸ್ ಕಾರ್ಡ್: ಆರ್‌ಎಕ್ಸ್ 6600
ಎಸ್‌ಎಸ್‌ಡಿ: 1 ಟಿಬಿ ಎನ್‌ವಿಎಂಇ
ಕ್ಯಾಬಿನೆಟ್: ಗಾಜಿನ ಬಾಗಿಲು, ನಾಲ್ಕು ಆರ್‌ಜಿಬಿ ಫ್ಯಾನ್

ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದ್ದೇನೆ. ಡ್ರೈವರ್ ಬದಲಿಸಿದ್ದೇನೆ. ಗ್ರಾಫಿಕ್ಸ್ ಕಾರ್ಡೇ ಕೆಟ್ಟಿದೆ ಎಂದು ನನ್ನ ಅನುಮಾನ. ವಾರಂಟಿಗೆ ಕಳುಹಿಸಿದರೆ ತಿಂಗಳುಗಟ್ಟಲೆ ಕಾಯಬೇಕು. ಅದಕ್ಕೆ ಮೊದಲು ಒಂದು ಮಾತು ಕೇಳೋಣ ಎಂದು ಬಂದೆ.

ನೀಲಿಪರದೆ | ಸೋಮವಾರ, ರಾತ್ರಿ 11:05

ಕಾರ್ಡ್ ಕಳುಹಿಸಬೇಡಿ, ಇದು ಮೆಮೊರಿ. ರೈಝನ್ ಜೋಡಣೆಗಳಲ್ಲಿ ನಾನು ಕಂಡ ಹತ್ತು ತೊಂದರೆಗಳಲ್ಲಿ ಎಂಟು ಮೆಮೊರಿಯವು. ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡಿದ್ದೀರಾ? ಮಾಡಿದ್ದರೆ ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ ಆಫ್ ಮಾಡಿ. ಮೆಮೊರಿ ಕಡ್ಡಿಗಳು ಯಾವ ಸ್ಲಾಟಿನಲ್ಲಿವೆ? ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಇರಬೇಕು. ತೆಗೆದು, ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿ.

ಇಂದಿರಾನಗರ_1440 | ಸೋಮವಾರ, ರಾತ್ರಿ 11:20

ತಪ್ಪು ತಿಳಿಯಬೇಡಿ, ಕಳೆದ ತಿಂಗಳು ಕೊಂಡಿದ್ದೀರಿ ಎಂದರೆ ಎಎಂ4 (ಪ್ರೊಸೆಸರ್ ಕೂರುವ ಹಳೆಯ ಸಾಕೆಟ್) ಏಕೆ ಆರಿಸಿದಿರಿ? ಹೊಸ ಸಾಕೆಟ್ ಎಎಂ5 ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ರೈಝನ್ 5 7600 ಕೊಂಡಿದ್ದರೆ ಮುಂದೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸಬಹುದಿತ್ತು. 7600ರಲ್ಲಿ ಒಳಗೇ ಗ್ರಾಫಿಕ್ಸ್ ಇದೆ. ಕಾರ್ಡ್ ಕಳಚಿಟ್ಟು ಪರೀಕ್ಷೆ ಮಾಡಬಹುದಿತ್ತು. 5600ರಲ್ಲಿ ಅದಿಲ್ಲ, ಕಾರ್ಡ್ ತೆಗೆದರೆ ಪರದೆಯೇ ಬರುವುದಿಲ್ಲ.

ನನ್ನದು 7800ಎಕ್ಸ್3ಡಿ, ಆರ್‌ಟಿಎಕ್ಸ್ 4070 ಸೂಪರ್, 32 ಜಿಬಿ ಡಿಡಿಆರ್5 6000, 850 ವ್ಯಾಟ್ ಗೋಲ್ಡ್. 1440ಪಿ ಪರದೆಯಲ್ಲಿ ಫೋರ್ಜಾ ಎಲ್ಲ ಸೆಟ್ಟಿಂಗ್ ಗರಿಷ್ಠಕ್ಕೆ ಇಟ್ಟರೂ ಬೆಣ್ಣೆಯಂತೆ ಓಡುತ್ತದೆ.

ಎಸ್‌ಪಿರೋಡ್‌ಹಳಬ | ಮಂಗಳವಾರ, ಬೆಳಿಗ್ಗೆ 7:15

ಅವರು ಕೇಳಿದ್ದು ರೀಸ್ಟಾರ್ಟ್ ಏಕೆ ಆಗುತ್ತಿದೆ ಎಂದು. ಎಎಂ5ಗೆ ಡಿಡಿಆರ್5 ಬಿಟ್ಟು ಬೇರೆ ಮೆಮೊರಿ ಕೂರುವುದಿಲ್ಲ, ಬೋರ್ಡ್ ಕೂಡ ದುಬಾರಿ. ಕೈಯಲ್ಲಿರುವ ಹಣಕ್ಕೆ ತಕ್ಕಂತೆ ಆರಿಸಿದರೆ 5600 ಮತ್ತು 6600 ಜೋಡಿ 1080ಪಿ ಆಟಕ್ಕೆ ಒಳ್ಳೆಯ ಜೋಡಿಯೇ.

ತೋಟದಮನೆಯವರೇ, ನಿಮ್ಮ ಪಟ್ಟಿಯಲ್ಲಿ ಕ್ಯಾಬಿನೆಟ್ಟಿನ ಗಾಜಿಗೂ ಜಾಗ ಸಿಕ್ಕಿದೆ, ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಮಾತ್ರ ಕಾಣುತ್ತಿಲ್ಲ. ಯಾವುದು ಹಾಕಿದ್ದೀರಿ?

ತೋಟದಮನೆ | ಮಂಗಳವಾರ, ರಾತ್ರಿ 9:50

ನೀಲಿಪರದೆಯವರು ಹೇಳಿದಂತೆ ಮಾಡಿದೆ. ಕಡ್ಡಿಗಳು ಒಂದು ಮತ್ತು ಎರಡರಲ್ಲಿದ್ದವು, ಎರಡು ಮತ್ತು ನಾಲ್ಕಕ್ಕೆ ಬದಲಿಸಿದೆ. ಆಟ ಮೊದಲಿಗಿಂತ ನಯವಾಗಿದೆ, ಅದಕ್ಕೆ ಧನ್ಯವಾದ. ಆದರೆ 7:30ರ ಹೊತ್ತಿಗೆ ಮತ್ತೆ ರೀಸ್ಟಾರ್ಟ್ ಆಯಿತು. ಎಕ್ಸ್‌ಎಂಪಿ ಆಫ್ ಮಾಡಿದ ಮೇಲೂ 8:10ಕ್ಕೆ ಇನ್ನೊಮ್ಮೆ.

ಎಸ್‌ಎಂಪಿಎಸ್ 450 ವ್ಯಾಟಿನದು. ಅಂಗಡಿಯವರೇ ಸಾಕು ಎಂದರು.

ನೀಲಿಪರದೆ | ಮಂಗಳವಾರ, ರಾತ್ರಿ 10:10

ಒಂದೇ ಕಡ್ಡಿ ಹಾಕಿ ನೋಡಿ, ಆಮೇಲೆ ಇನ್ನೊಂದು. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಕಡ್ಡಿ ಕೆಟ್ಟಿರುವ ಸಾಧ್ಯತೆ ಹೆಚ್ಚು.

ಎಸ್‌ಪಿರೋಡ್‌ಹಳಬ | ಮಂಗಳವಾರ, ರಾತ್ರಿ 10:25

ಮೆಮೊರಿ ಕೆಟ್ಟರೆ ಸಾಮಾನ್ಯವಾಗಿ ನೀಲಿ ಪರದೆ ಬರುತ್ತದೆ, ಇಲ್ಲವೇ ಆಟ ಮುಚ್ಚಿಕೊಂಡು ಡೆಸ್ಕ್‌ಟಾಪಿಗೆ ಬರುತ್ತದೆ. ಇವರದು ಸ್ವಿಚ್ ಆರಿಸಿದಂತೆ ಆಗುತ್ತಿದೆ. ಸಂಜೆ ಏಳೂವರೆಗೆ, ಎಂಟಕ್ಕೆ. ಸ್ವಾಮಿ, ಎಸ್‌ಎಂಪಿಎಸ್ ಮೇಲಿನ ಚೀಟಿಯ ಫೋಟೋ ಹಾಕಿ. ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ತಂತಿಯ ಫೋಟೋ ಕೂಡ.

ಬಿಸಿಲೂರು | ಮಂಗಳವಾರ, ರಾತ್ರಿ 11:00

ವಿಂಡೋಸಿನ ದೋಷಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು ನೋಡಿ. ಕರ್ನೆಲ್-ಪವರ್ 41 ಇದ್ದರೆ ಎಸ್‌ಎಂಪಿಎಸ್ ಹೋಗಿದೆ ಎಂದೇ ಲೆಕ್ಕ. ಕಲಬುರಗಿಯ ಬೇಸಿಗೆಯಲ್ಲಿ ನನಗೂ ಹಾಗೆಯೇ ಆಗಿತ್ತು.

ಬೆಸುಗೆಕಡ್ಡಿ | ಮಂಗಳವಾರ, ರಾತ್ರಿ 11:30

ದಯವಿಟ್ಟು ಇದನ್ನು ಹರಡಬೇಡಿ. 41 ಹೇಳುವುದು "ಹಿಂದಿನ ಸಲ ಸರಿಯಾಗಿ ಮುಚ್ಚದೆ ನಿಂತುಹೋಗಿತ್ತು" ಎಂದಷ್ಟೇ. ನೀವು ಕೈಯಾರೆ ತಂತಿ ಕಿತ್ತರೂ ಅದೇ 41 ಬರುತ್ತದೆ.

ಬಿಸಿಲೂರು | ಮಂಗಳವಾರ, ರಾತ್ರಿ 11:42

ನನ್ನ ವಿಷಯದಲ್ಲಿ ಎಸ್‌ಎಂಪಿಎಸ್ ಬದಲಿಸಿದ ಮೇಲೆ 41 ನಿಂತಿತು. ಕಣ್ಣಾರೆ ಕಂಡದ್ದನ್ನು ಹೇಳಿದೆ.

ಬೆಸುಗೆಕಡ್ಡಿ | ಮಂಗಳವಾರ, ರಾತ್ರಿ 11:50

ನಿಮ್ಮ ವಿಷಯದಲ್ಲಿ ಎಸ್‌ಎಂಪಿಎಸ್ಸೇ ಕಾರಣವಾಗಿತ್ತು. 41 ನೋಡಿ ಅದು ಗೊತ್ತಾಗಲಿಲ್ಲ, ಬದಲಿಸಿದ ಮೇಲೆ ಗೊತ್ತಾಯಿತು. ಎರಡಕ್ಕೂ ವ್ಯತ್ಯಾಸವಿದೆ.

ತೋಟದಮನೆ | ಬುಧವಾರ, ಸಂಜೆ 6:20

ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿತು, ಒಂದು ತಪ್ಪೂ ಇಲ್ಲ. ಫೋಟೋಗಳನ್ನು ಹಾಕಿದ್ದೇನೆ. ಚೀಟಿಯಲ್ಲಿ ಹೀಗಿದೆ: 450ಡಬ್ಲ್ಯೂ, ಇನ್‌ಪುಟ್ 200–240 ವೋಲ್ಟ್, +12 ವೋಲ್ಟ್ 18 ಆಂಪಿಯರ್. ಹಿಂಬದಿಯಲ್ಲಿ 115/230 ಎಂಬ ಕೆಂಪು ಸ್ವಿಚ್ ಇದೆ, 230ರಲ್ಲೇ ಇಟ್ಟಿದ್ದೇನೆ. ಇದರಲ್ಲಿ ಗ್ರಾಫಿಕ್ಸ್ ಕಾರ್ಡಿನ 8 ಪಿನ್ ತಂತಿ ಇರಲಿಲ್ಲ. ಅಂಗಡಿಯವರು ಎರಡು ಮೋಲೆಕ್ಸ್ (ಹಳೆಯ ಬಗೆಯ 4 ಪಿನ್ ತುದಿ) ಸೇರಿಸಿ 8 ಪಿನ್ ಮಾಡುವ ಜೋಡಣೆ ತಂತಿ ಕೊಟ್ಟರು.

ಎಸ್‌ಪಿರೋಡ್‌ಹಳಬ | ಬುಧವಾರ, ಸಂಜೆ 6:45

ಇಂದು ರಾತ್ರಿ ಆಟ ಬೇಡ. ಹೊಸ ಎಸ್‌ಎಂಪಿಎಸ್ ಬರುವ ತನಕ ಫೋರ್ಜಾ ತೆರೆಯಲೇಬೇಡಿ. ಸಿಟ್ಟಿನಿಂದ ಹೇಳುತ್ತಿಲ್ಲ, ಭಯದಿಂದ ಹೇಳುತ್ತಿದ್ದೇನೆ. ಆ ಮೋಲೆಕ್ಸ್ ತಂತಿಯ ತುದಿ ಕರಗಿ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಈಗ ಲೆಕ್ಕ ನೋಡಿ. ಚೀಟಿಯ ಮೇಲಿನ ದೊಡ್ಡ ಸಂಖ್ಯೆಯನ್ನು ಮರೆತುಬಿಡಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟ್ ಸಾಲಿನಿಂದ. 12ನ್ನು 18ರಿಂದ ಗುಣಿಸಿದರೆ 216 ವ್ಯಾಟ್. ನಿಮಗೆ ನಿಜವಾಗಿ ಸಿಕ್ಕಿರುವುದು ಅಷ್ಟೇ. 6600 ಕಾರ್ಡಿಗೆ 132 ವ್ಯಾಟ್, 5600ಕ್ಕೆ 65, ಅದೂ ಭಾರ ಬಿದ್ದಾಗ ಇನ್ನಷ್ಟು ಏರುತ್ತದೆ. ಮೇಲೆ ನಾಲ್ಕು ಫ್ಯಾನ್, ಬೋರ್ಡ್. ಉಳಿಯುವುದು ಏನೂ ಇಲ್ಲ. ವ್ಯಾಲೊರಂಟ್ ಹಗುರವಾದ ಆಟ, ಅದಕ್ಕೇ ತಡೆದುಕೊಂಡಿದೆ.

ಕ್ಯಾಬಿನೆಟ್ಟಿಗೆ ಎಷ್ಟು ಕೊಟ್ಟಿರಿ, ಎಸ್‌ಎಂಪಿಎಸ್‌ಗೆ ಎಷ್ಟು?

ತೋಟದಮನೆ | ಬುಧವಾರ, ಸಂಜೆ 7:00

ಕ್ಯಾಬಿನೆಟ್ಟಿಗೆ 5,200. ಎಸ್‌ಎಂಪಿಎಸ್‌ಗೆ 1,400. ಕೊನೆಗೆ ಅಷ್ಟೇ ಉಳಿದಿತ್ತು.

ಇಂದಿರಾನಗರ_1440 | ಬುಧವಾರ, ಸಂಜೆ 7:20

850 ವ್ಯಾಟ್ ಗೋಲ್ಡ್ ಹಾಕಿ, ಹತ್ತು ವರ್ಷ ಚಿಂತೆಯಿಲ್ಲ. ನನ್ನದರಲ್ಲಿ ತಂತಿಗಳೆಲ್ಲ ಕಳಚಬಲ್ಲವು, ಬಟ್ಟೆ ಸುತ್ತಿದವು. ಕ್ಯಾಬಿನೆಟ್ಟಿನೊಳಗೆ ಒಂದು ಎಳೆಯೂ ಕಾಣುವುದಿಲ್ಲ. ಫೋಟೋ ಹಾಕಿದ್ದೇನೆ.

ಬೆಸುಗೆಕಡ್ಡಿ | ಬುಧವಾರ, ಸಂಜೆ 7:35

ಈ ಜೋಡಣೆಗೆ ಒಳ್ಳೆಯ 550 ವ್ಯಾಟ್ ಸಾಕು. 80 ಪ್ಲಸ್ ಬ್ರಾಂಜ್, ಗೋಲ್ಡ್ ಎನ್ನುವುದು ವಿದ್ಯುತ್ತು ಎಷ್ಟು ಪೋಲಾಗದೆ ಬಳಕೆಯಾಗುತ್ತದೆ ಎಂಬುದರ ಗುರುತು. ಒಳಗಿನ ಕೆಪಾಸಿಟರ್ (ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಬಿಡಿಭಾಗ) ಎಷ್ಟು ಒಳ್ಳೆಯದು ಎಂದು ಅದು ಹೇಳುವುದಿಲ್ಲ. ನೋಡಬೇಕಾದದ್ದು: ಇನ್‌ಪುಟ್ 100–240 ವೋಲ್ಟ್ ಎಂದಿದೆಯೇ, ಆ್ಯಕ್ಟಿವ್ ಪಿಎಫ್‌ಸಿ (ಲೈನ್ ಕರೆಂಟನ್ನು ಸಮವಾಗಿ ಎಳೆದುಕೊಳ್ಳುವ ಸರ್ಕ್ಯೂಟ್) ಇದೆಯೇ, 8 ಪಿನ್ ತಂತಿ ಅದರ ಜೊತೆಗೇ ಬರುತ್ತದೆಯೇ.

ಆದರೂ ಒಂದು ಮಾತು ನನ್ನನ್ನು ಕೊರೆಯುತ್ತಿದೆ. ಹಗಲಿನಲ್ಲಿ ಫೋರ್ಜಾ ಆಡಿದ್ದೀರಾ? ಆಗಲೂ ರೀಸ್ಟಾರ್ಟ್ ಆಗುತ್ತದೆಯೇ? ಕಂಪ್ಯೂಟರ್ ಯಾವ ಪ್ಲಗ್ಗಿನಲ್ಲಿದೆ?

ತೋಟದಮನೆ | ಬುಧವಾರ, ರಾತ್ರಿ 9:15

ಭಾನುವಾರ ಮಧ್ಯಾಹ್ನ ಮೂರು ಗಂಟೆ ಆಡಿದ್ದೆ, ಏನೂ ಆಗಲಿಲ್ಲ. ಅದನ್ನು ಹೇಳಬೇಕು ಎಂದು ಹೊಳೆಯಲೇ ಇಲ್ಲ. ಪ್ಲಗ್ ಇನ್ವರ್ಟರ್ ಲೈನಿನದು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹಾಗೆಯೇ. ಸಾಗರ ಪಟ್ಟಣದಿಂದ ಒಳಗೆ ನಮ್ಮ ಊರು, ಸಂಜೆ ತ್ರೀ ಫೇಸ್ ಕೊಟ್ಟ ಕೂಡಲೇ ಸುತ್ತಲಿನ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ. ದೀಪ ಮಂಕಾಗುವುದು ನಮಗೆ ರೂಢಿ.

ಬೆಸುಗೆಕಡ್ಡಿ | ಬುಧವಾರ, ರಾತ್ರಿ 9:30

ಇದನ್ನೇ ಮೊದಲ ದಿನ ಹೇಳಬೇಕಿತ್ತು. ಮಲ್ಟಿಮೀಟರ್ ಇದ್ದರೆ ನಾಳೆ ಪಂಪ್ ಓಡುವಾಗ ಪ್ಲಗ್ಗಿನಲ್ಲಿ ವೋಲ್ಟೇಜ್ ಅಳೆಯಿರಿ. ಮೀಟರನ್ನು ಎಸಿ 750 ವೋಲ್ಟಿಗೆ ತಿರುಗಿಸಿ, ಅದರ ಕಡ್ಡಿಗಳ ಲೋಹದ ತುದಿ ಕೈಗೆ ತಾಗದಂತೆ ಹಿಡಿಯಿರಿ. ಇನ್ವರ್ಟರ್ ಯಾವ ಮೋಡ್‌ನಲ್ಲಿದೆ ಎಂದೂ ನೋಡಿ, ಹಿಂಬದಿಯಲ್ಲಿ ಯುಪಿಎಸ್ ಮತ್ತು ಇಕೋ ಎಂದು ಸ್ವಿಚ್ ಇರುತ್ತದೆ.

ತೋಟದಮನೆ | ಗುರುವಾರ, ರಾತ್ರಿ 8:05

ಪಂಪ್‌ಗಳಿಗೆ ಮೊದಲು 214. ಶುರುವಾದ ಮೇಲೆ 168. ನಮ್ಮದೇ ಮೋಟರ್ ಹಾಕಿದ ಕ್ಷಣ 150ರ ಹತ್ತಿರ ಹೋಗಿ ಮೇಲೆ ಬಂತು. ಇನ್ವರ್ಟರ್ ಇಕೋದಲ್ಲಿದೆ.

ಒಂದು ಸಂದೇಹ. ಎಸ್‌ಎಂಪಿಎಸ್ಸಿನ ಕೆಂಪು ಸ್ವಿಚ್ಚನ್ನು ಸಂಜೆ ಹೊತ್ತು 115ಕ್ಕೆ ಇಟ್ಟರೆ ಕಡಿಮೆ ವೋಲ್ಟೇಜಿನಲ್ಲೂ ಓಡುತ್ತದೆಯೇ?

ಎಸ್‌ಪಿರೋಡ್‌ಹಳಬ | ಗುರುವಾರ, ರಾತ್ರಿ 8:07

ಬೇಡ! ಅದನ್ನು ಮುಟ್ಟಬೇಡಿ!

ಬೆಸುಗೆಕಡ್ಡಿ | ಗುರುವಾರ, ರಾತ್ರಿ 8:15

ಖಂಡಿತ ಬೇಡ. 115ರಲ್ಲಿಟ್ಟರೆ ಒಳಗಿನ ಕೆಪಾಸಿಟರುಗಳ ಮೇಲೆ ಒತ್ತಡ ಇಮ್ಮಡಿಯಾಗುತ್ತದೆ. ಪಂಪ್‌ಗಳು ನಿಂತು ವೋಲ್ಟೇಜ್ ಏರಿದ ಕೂಡಲೇ ಒಡೆದುಹೋಗುತ್ತವೆ. ಆ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿಬಿಡಿ.

ಈಗ ಚಿತ್ರ ಸ್ಪಷ್ಟವಾಯಿತು. ನಿಮ್ಮ ಎಸ್‌ಎಂಪಿಎಸ್ ಕೇಳುವುದು ಕನಿಷ್ಠ 200 ವೋಲ್ಟ್, ಸಂಜೆ ಸಿಗುವುದು 168. ಇಕೋ ಮೋಡ್‌ನಲ್ಲಿ ಇನ್ವರ್ಟರ್ ಸುಮಾರು 100 ವೋಲ್ಟಿನ ತನಕ ಲೈನ್ ಕರೆಂಟನ್ನೇ ಹಾಗೆಯೇ ಬಿಡುತ್ತದೆ. ಹಗುರವಾದ ಆಟದಲ್ಲಿ ಕೆಪಾಸಿಟರಿನಲ್ಲಿ ಉಳಿದದ್ದು ಆ ಕ್ಷಣವನ್ನು ದಾಟಿಸುತ್ತದೆ. ಫೋರ್ಜಾದಲ್ಲಿ ಕಾರ್ಡ್ ಪೂರ್ತಿ ಎಳೆಯುತ್ತಿರುವಾಗ ಮೋಟರ್ ಶುರುವಾದರೆ ಬರಿದಾಗುತ್ತದೆ. ಇನ್ವರ್ಟರನ್ನು ಯುಪಿಎಸ್ ಮೋಡ್‌ಗೆ ಹಾಕಿ, ಸುಮಾರು 180ಕ್ಕಿಂತ ಇಳಿದರೆ ತಕ್ಷಣ ಬ್ಯಾಟರಿಗೆ ಹೋಗುತ್ತದೆ.

ನೀಲಿಪರದೆ | ಗುರುವಾರ, ರಾತ್ರಿ 8:40

ಇರಬಹುದು. ಆದರೂ ಎಕ್ಸ್‌ಎಂಪಿ 3200ರ ಬದಲು 3000ಕ್ಕೆ ಇಟ್ಟು ಒಂದು ವಾರ ನೋಡಿ. ಮೆಮ್‌ಟೆಸ್ಟ್ ದಾಟಿದ ಕಡ್ಡಿಗಳು ಆಟದಲ್ಲಿ ಎಡವಿದ್ದನ್ನು ನೋಡಿದ್ದೇನೆ.

ತೋಟದಮನೆ | ಶುಕ್ರವಾರ, ರಾತ್ರಿ 9:00

ಯುಪಿಎಸ್ ಮೋಡ್‌ಗೆ ಹಾಕಿದೆ. ಅಪ್ಪ ಒಪ್ಪಲಿಲ್ಲ. ಪಂಪ್ ಓಡುವಷ್ಟು ಹೊತ್ತೂ ಮನೆ ಬ್ಯಾಟರಿಯಲ್ಲೇ ಇರುತ್ತದೆ. ನಿನ್ನೆ ರಾತ್ರಿ ಹತ್ತು ಗಂಟೆಗೆ ನಿಜವಾಗಿ ಕರೆಂಟು ಹೋದಾಗ ಅಜ್ಜಿಯ ಕೋಣೆಗೆ ಫ್ಯಾನ್ ಇರಲಿಲ್ಲ. ಅಪ್ಪ ಹೇಳುವುದು ಸರಿಯೇ. ಮತ್ತೆ ಇಕೋಗೆ ಹಾಕಿದ್ದೇನೆ. 550 ವ್ಯಾಟಿನ ಎಸ್‌ಎಂಪಿಎಸ್ ತರಿಸುತ್ತಿದ್ದೇನೆ, 100–240 ಎಂದು ಓದಿಕೊಂಡೇ ಆರಿಸಿದೆ. ಹಣಕ್ಕಾಗಿ ಹಳೆಯ ಮೊಬೈಲ್ ಮಾರಿದೆ.

ಎಸ್‌ಪಿರೋಡ್‌ಹಳಬ | ಶುಕ್ರವಾರ, ರಾತ್ರಿ 9:20

ಸರಿಯಾದ ಕೆಲಸ. ಆ ಮೋಲೆಕ್ಸ್ ತಂತಿಯನ್ನು ಯಾರಿಗೂ ಕೊಡಬೇಡಿ, ಕತ್ತರಿಸಿ ಎಸೆಯಿರಿ. ಹಳೆಯ ಎಸ್‌ಎಂಪಿಎಸ್ಸಿನ ಬೇರೆ ಯಾವ ತಂತಿಯನ್ನೂ ಹೊಸದಕ್ಕೆ ಚುಚ್ಚಬೇಡಿ.

ತೋಟದಮನೆ | ಮುಂದಿನ ಗುರುವಾರ, ರಾತ್ರಿ 10:30

ಸೋಮವಾರ ಬಂತು, ಅಂದೇ ಹಾಕಿದೆ. ನಾಲ್ಕು ಸಂಜೆ ಆಡಿದ್ದೇನೆ. ಇಂದು ಬೇಕೆಂದೇ ಓಟದ ನಡುವೆ ತಮ್ಮನಿಗೆ ಮೋಟರ್ ಹಾಕಲು ಹೇಳಿದೆ. ದೀಪ ಮಂಕಾಯಿತು, ಫ್ಯಾನ್ ನಿಧಾನವಾಯಿತು, ಕಾರು ಓಡುತ್ತಲೇ ಇತ್ತು. ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ 3200ರಲ್ಲೇ ಇಟ್ಟಿದ್ದೇನೆ.

ಒಂದೇ ತೊಂದರೆ ಉಳಿದಿದೆ. ಕರೆಂಟು ಪೂರ್ತಿ ಹೋದಾಗ ಇನ್ವರ್ಟರ್ ಬದಲಾಗುವ ಆ ಕ್ಷಣಕ್ಕೆ ನಿನ್ನೆ ಒಮ್ಮೆ ರೀಸ್ಟಾರ್ಟ್ ಆಯಿತು.

ಬೆಸುಗೆಕಡ್ಡಿ | ಗುರುವಾರ, ರಾತ್ರಿ 10:50

ಇಕೋ ಮೋಡ್‌ನಲ್ಲಿ ಬದಲಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ತಡೆಯುವುದು ಸುಮಾರು 16 ಮಿಲಿಸೆಕೆಂಡು, ಕರೆಂಟಿನ ಒಂದು ಸುತ್ತೇ 20. ಕಂಪ್ಯೂಟರಿಗೆ ಮಾತ್ರ 1000 ವಿಎ, 600 ವ್ಯಾಟಿನ ಸಣ್ಣ ಲೈನ್ ಇಂಟರಾಕ್ಟಿವ್ ಯುಪಿಎಸ್ (ವೋಲ್ಟೇಜ್ ಏರಿಳಿತವನ್ನು ತಾನೇ ಸರಿಪಡಿಸಿ, ಕರೆಂಟು ಹೋದರೆ ಬ್ಯಾಟರಿಗೆ ಬದಲಾಗುವ ಬಗೆ) ಇಡಬಹುದು. ಅವಸರವಿಲ್ಲ, ಹಣ ಕೂಡಿದಾಗ.

ಬಿಸಿಲೂರು | ಗುರುವಾರ, ರಾತ್ರಿ 11:10

ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಲ್ಲಿ ಶುದ್ಧ ಸೈನ್ ವೇವ್, ಅಂದರೆ ಲೈನ್ ಕರೆಂಟಿನಂತೆ ನಯವಾದ ಅಲೆ ಕೊಡುವುದಿಲ್ಲ. ಆ್ಯಕ್ಟಿವ್ ಪಿಎಫ್‌ಸಿ ಇರುವ ಎಸ್‌ಎಂಪಿಎಸ್ ಅದಕ್ಕೆ ಹೊಂದದೆ ಆರಿಹೋಗುವುದುಂಟು. ಕೊಳ್ಳುವ ಮೊದಲು ಅದನ್ನೂ ಕೇಳಿ.

ಬೆಸುಗೆಕಡ್ಡಿ | ಗುರುವಾರ, ರಾತ್ರಿ 11:15

ಹೆಚ್ಚಿನವು ಹೊಂದಿಕೊಳ್ಳುತ್ತವೆ. ಆದರೆ ಈ ಎಚ್ಚರಿಕೆ ಸರಿ. ಅಂಗಡಿಯಲ್ಲಿ ನಿಮ್ಮ ಎಸ್‌ಎಂಪಿಎಸ್ಸನ್ನೇ ಹಾಕಿ, ಪ್ಲಗ್ ಆಫ್ ಮಾಡಿ ತೋರಿಸಿ ಎನ್ನಿ.

ಕಾಫಿಗಿಡ | ಶುಕ್ರವಾರ, ಬೆಳಿಗ್ಗೆ 6:50

ನಾನು ಮಡಿಕೇರಿಯಿಂದ. ಇದೇ 5600, 6600 ಕೊಳ್ಳಲು ಪಟ್ಟಿ ಮಾಡಿದ್ದೆ. ಎಸ್‌ಎಂಪಿಎಸ್ ಜಾಗದಲ್ಲಿ "ಯಾವುದಾದರೂ" ಎಂದು ಬರೆದಿದ್ದೆ. ಇನ್ವರ್ಟರಿನ ಹಿಂಬದಿ ನೋಡಿದೆ, ಸ್ವಿಚ್ ಕಾಣುತ್ತಿಲ್ಲ, ಮುಂದೆ ಒಂದೇ ಒಂದು ಬಟನ್ ಇದೆ. ಮೋಡ್ ತಿಳಿಯುವುದು ಹೇಗೆ?