ಕೀಮೋ ನಡುವೆ ಹಿತ್ತಿಲು, ಅಡುಗೆ: ದಾಟಿ ಬಂದವರು ಹೇಳಿ

ಸಾಗರದಿಂದ ಪ್ರಶ್ನೆ

ಅಮ್ಮನಿಗೆ 61 ವರ್ಷ. ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿ, ಆರು ಕೀಮೋಗಳಲ್ಲಿ ಎರಡು ಮುಗಿದಿವೆ. ಹಿತ್ತಿಲಿಗೆ ಕಾಲಿಡಬಾರದೆಂದು ನಾವು ಕಟ್ಟಪ್ಪಣೆ ಮಾಡಿದ್ದೇವೆ. ಅವಳು ಜಗಲಿಯಲ್ಲಿ ಕೂತು ಬಸಳೆ ಚಪ್ಪರವನ್ನೇ ನೋಡುತ್ತಿರುತ್ತಾಳೆ. ಊಟ ಎರಡು ತುತ್ತಿಗೆ ನಿಲ್ಲುತ್ತದೆ. ಇನ್ನು ಹದಿನೈದು ದಿನದಲ್ಲಿ ಮಳೆ ಹಿಡಿಯುತ್ತದೆ. ಏನು ಮಾಡಲು ಬಿಡಬಹುದು, ಏನು ತಿನ್ನಿಸಬಹುದು? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ತೀರ್ಥಹಳ್ಳಿಯಿಂದ

ತಂಗಿ, ನಾನು 2019ರಲ್ಲಿ ಇದೇ ಹಾದಿ ತುಳಿದವಳು. ಕಟ್ಟಪ್ಪಣೆ ಬೇಡ, ದಿನ ಎಣಿಸಿ. ನನಗೆ 21 ದಿನಕ್ಕೊಮ್ಮೆ ಕೀಮೋ ಕೊಡುತ್ತಿದ್ದರು. ಮೊದಲ ನಾಲ್ಕೈದು ದಿನ ಹಿತ್ತಿಲು ಹಾಗಿರಲಿ, ಬಚ್ಚಲಿಗೆ ಹೋಗಿಬರುವುದೇ ದೊಡ್ಡ ಪ್ರಯಾಣ. ಆಮೇಲೆ, ಸುಮಾರು ಏಳರಿಂದ ಹದಿನಾಲ್ಕನೇ ದಿನದವರೆಗೆ, ಬಿಳಿ ರಕ್ತಕಣಗಳು ತೀರಾ ಕೆಳಗಿಳಿಯುತ್ತವೆ. ನಾನು ಮೋಸ ಹೋದದ್ದು ಈ ವಾರದಲ್ಲೇ. ಅಷ್ಟು ಹೊತ್ತಿಗೆ ಹೊಟ್ಟೆ ತೊಳಸುವುದು ನಿಂತು ಮೈ ಹಗುರವಾಗಿರುತ್ತದೆ, ಕೈ ಸುಮ್ಮನಿರುವುದಿಲ್ಲ. ಎರಡನೇ ಸುತ್ತಿನ ಒಂಬತ್ತನೇ ದಿನ ಗೊಬ್ಬರಗುಂಡಿ ಕೆದಕಿದೆ. ಮೂರು ದಿನಕ್ಕೆ ಜ್ವರ ಬಂತು, ಐದು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಗೊಬ್ಬರದಿಂದಲೇ ಬಂತೆಂದು ಯಾರೂ ಹೇಳಲಿಲ್ಲ. ಆದರೆ ಕೊಳೆತ ಎಲೆ, ಗೊಬ್ಬರ ಕೆದಕಿದರೆ ಬೂಷ್ಟಿನ ಕಣಗಳು ಗಾಳಿಗೆ ಏಳುತ್ತವೆ, ಮೈಯಲ್ಲಿ ಕಾವಲಿಲ್ಲದಾಗ ಅವು ಶ್ವಾಸಕೋಶಕ್ಕೆ ಹೊಕ್ಕರೆ ಕಷ್ಟ ಎಂದು ಡಾಕ್ಟರು ಚೆನ್ನಾಗಿ ಬೈದರು. ಅಂದಿನಿಂದ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ಕೆಂಪು ಗೀಟು. ಜ್ವರ 100.4 ಡಿಗ್ರಿ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಫೋನು ಮಾಡಿ, ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ.

ಮೂರನೇ ವಾರ ಅಮ್ಮನಿಗೆ ಬಿಟ್ಟುಕೊಡಿ. ಡಾಕ್ಟರ ಒಪ್ಪಿಗೆ ಕೇಳಿಕೊಳ್ಳಿ, ಕೈಗವಸು, ಮಾಸ್ಕ್ ಇರಲಿ, ಮಣ್ಣು ಒದ್ದೆಯಾಗಿರಲಿ, ಒಣ ಧೂಳು ಬೇಡ. ನನ್ನ ಮಗ ಜಗಲಿಯ ಕಟ್ಟೆಯ ಮೇಲೆ, ಸೊಂಟದೆತ್ತರಕ್ಕೆ, ಐದು ಗ್ರೋಬ್ಯಾಗ್ ಇಟ್ಟುಕೊಟ್ಟ. ಮಳೆಗಾಲಕ್ಕೆ ನಿಮಗೂ ಅದೇ ಸರಿ. ಸೂರಿನಡಿ ಇದ್ದರೆ ಸೊಪ್ಪು ಕೊಳೆಯುವುದಿಲ್ಲ, ಅಮ್ಮನೂ ಜಾರಿ ಬೀಳುವುದಿಲ್ಲ. ಕಂಕುಳಿನ ಗಂಟುಗಳನ್ನು, ಅಂದರೆ ದುಗ್ಧಗ್ರಂಥಿಗಳನ್ನು, ತೆಗೆದಿದ್ದಾರೆಯೇ? ಹಾಗಿದ್ದರೆ ಆ ಬದಿಯ ಕೈಗೆ ನಿಂಬೆ ಮುಳ್ಳೂ ತಾಗಬಾರದು. ಸಣ್ಣ ಗಾಯ ಕೀವಾದರೆ ಇಡೀ ತೋಳು ಬಾತುಕೊಳ್ಳಬಹುದು. ನನ್ನದು ಬಲಗೈ, ಅದೂ ರೂಢಿಯ ಕೈ. ಎಡಗೈಯಿಂದ ಮೆಂತ್ಯ ಬಿತ್ತಿದೆ. ಒಂದು ಕಡೆ ದಟ್ಟ, ಇನ್ನೊಂದು ಕಡೆ ಬೋಳು, ಆಗಿನ ನನ್ನ ತಲೆಯ ಹಾಗೆಯೇ. ಮೆಂತ್ಯ ಯಾಕೆಂದರೆ, ಈ ಸುತ್ತಿನ ಮೂರನೇ ವಾರ ಬಿತ್ತಿದರೆ ಹೆಚ್ಚುಕಡಿಮೆ ಮುಂದಿನ ಸುತ್ತಿನ ಮೂರನೇ ವಾರಕ್ಕೆ ಕೊಯ್ಲಿಗೆ ಬರುತ್ತದೆ. ನಡುವೆ ಮಲಗಿರುವಾಗ ಯಾರಾದರೂ ಬಂದು 'ಎರಡು ಎಲೆ ಬಿಟ್ಟಿದೆ' ಎಂದರೆ ಸಾಕಿತ್ತು.

ಊಟಕ್ಕೆ ನನ್ನನ್ನು ಉಳಿಸಿದ್ದು ದೊಡ್ಡಪತ್ರೆ ತಂಬುಳಿ. ಏಳೆಂಟು ಎಲೆ, ಜೀರಿಗೆ, ಎರಡು ಕಾಳುಮೆಣಸು ತುಪ್ಪದಲ್ಲಿ ಎಲೆ ಪೂರ್ತಿ ಬಾಡುವಷ್ಟು ಹುರಿದು, ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸುವುದು. ಬಾಯಿ ಹುಣ್ಣಾಗಿದ್ದರೆ ಮೆಣಸು ಬಿಡಿ. ಒಂದೆಲಗದ ತಂಬುಳಿಯನ್ನು ನಾವು ಹಸಿಯಾಗಿಯೇ ರುಬ್ಬುತ್ತೇವಲ್ಲ, ಅದೂ ತೋಡಿನಂಚಿನ ಸೊಪ್ಪು. ಕೆಂಪು ಗೀಟಿನ ವಾರಕ್ಕೆ ಅದು ಖಂಡಿತ ಬೇಡ. ಕೋಸಂಬರಿ, ಮೊಳಕೆಕಾಳೂ ಹಾಗೆಯೇ. ಆ ವಾರ ಮಜ್ಜಿಗೆ ಆಗಬಹುದೇ ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ನನಗೆ ಚೆನ್ನಾಗಿ ಕಾಯಿಸಿದ ಹಾಲಿನದಾದರೆ ಅಡ್ಡಿಯಿಲ್ಲ ಎಂದಿದ್ದರು.

ಧಾರವಾಡದಿಂದ

ನನ್ನದು ಬಾಯಿ ಕ್ಯಾನ್ಸರ್. ಗುಟ್ಕಾ ಜಗಿಯುತ್ತಿದ್ದೆ, ಮುಚ್ಚಿಡುವುದೇನಿದೆ. ರೇಡಿಯೇಷನ್ ಆದ ಮೇಲೆ ಜೊಲ್ಲು ಬತ್ತಿಹೋಯಿತು. ರೊಟ್ಟಿ ಬಾಯಲ್ಲಿಟ್ಟರೆ ಹೊಲದ ಹೆಂಟೆ ಇಟ್ಟಂತೆ. ಮೆತ್ತಗೆ ಬೇಯಿಸಿದ ಜೋಳದ ನುಚ್ಚಿಗೆ ಮಜ್ಜಿಗೆ ಸುರಿದು ಕುಡಿಯುವುದೇ ಐದು ತಿಂಗಳು ನನ್ನ ಊಟ. ಸ್ಟೀಲ್ ಚಮಚ ಕಬ್ಬಿಣ ನೆಕ್ಕಿದಂತಾಗುತ್ತಿತ್ತು. ಮನೆಯವಳು ಕಟ್ಟಿಗೆಯ ಚಮಚ ತಂದುಕೊಟ್ಟಳು, ಅಷ್ಟರಿಂದಲೇ ಎಷ್ಟೋ ವಾಸಿಯಾಯಿತು. ಆ ವರ್ಷದ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿದೆ. ಎಲ್ಲರೂ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಲೆ ಉಣ್ಣುವಾಗ ನಾನು ಕಡುಬನ್ನು ಹಾಲಿನಲ್ಲಿ ಕಿವುಚಿಕೊಂಡು ಕೂತಿದ್ದೆ. ಅಳು ಬಂತು. ಉಂಡೆ ಕೂಡ.

ಮೈಸೂರಿನಿಂದ

ನಾನು ರೋಗಿಯಲ್ಲ, ರೋಗಿಯ ಗಂಡ, ಐವತ್ತೆಂಟರ ವಯಸ್ಸಿನಲ್ಲಿ ಒಲೆ ಹಚ್ಚಲು ಕಲಿತವನು. ನನ್ನ ಹೆಂಡತಿಗೆ ಆಗದಿದ್ದದ್ದು ಊಟವಲ್ಲ, ಒಗ್ಗರಣೆಯ ವಾಸನೆ. ಅದು ತಿಳಿಯುವುದಕ್ಕೆ ನನಗೆ ಒಂದು ತಿಂಗಳು ಬೇಕಾಯಿತು. ಡಿಸೆಂಬರಿನಲ್ಲಿ ಹಿತಕಿದ ಅವರೆಬೇಳೆ ಸಾರು ಮಾಡಿ ಮೆಚ್ಚಿಸೋಣವೆಂದು ಹೊರಟೆ, ಆ ಸೊಗಡಿಗೇ ಅವಳು ಬಾಗಿಲು ಹಾಕಿಕೊಂಡಳು. ಆಮೇಲೆ ಇಂಡಕ್ಷನ್ ಒಲೆಯನ್ನು ಮಹಡಿಗೆ ಸಾಗಿಸಿ ಅಲ್ಲೇ ಅಡುಗೆ ಮಾಡಿ, ಬಿಸಿ ಆರಿಸಿ ಕೆಳಗೆ ತರುತ್ತಿದ್ದೆ. ಆರಿದ ಅನ್ನಕ್ಕೆ ವಾಸನೆ ಕಡಿಮೆ.

ಇನ್ನೊಂದು ಮಾತು. ನೋಡಲು ಬರುವವರು ಅಮೃತಬಳ್ಳಿ ತಂದೇ ತರುತ್ತಾರೆ. ಅದರ ಕಷಾಯ ಕುಡಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲೇ ಪ್ರಕಟಿಸಿದ್ದಾರೆ. ಡಾಕ್ಟರಿಗೆ ತಿಳಿಸದೆ ಯಾವ ಕಷಾಯವೂ ಬೇಡ. ಜಗಳವಾಡಬೇಡಿ, ತೆಗೆದುಕೊಂಡು ಬೇಲಿಗೆ ನೆಟ್ಟುಬಿಡಿ. ನಮ್ಮ ಬೇಲಿ ಈಗ ಹಸಿರಾಗಿದೆ.

ಸಾಗರದಿಂದ

ಎಲ್ಲರ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ. ಕ್ಯಾಲೆಂಡರ್ ತರಿಸಿಕೊಂಡು ತಾನೇ ಗೀಟು ಎಳೆದಿದ್ದಾಳೆ. ಗಂಟು ತೆಗೆದದ್ದು ಎಡಗಡೆ, ಅದೊಂದು ಸಮಾಧಾನ. ಈಗ ಅವಳದೊಂದು ಪ್ರಶ್ನೆ: ಆಷಾಢದಲ್ಲಿ ಕಳಲೆ, ಪತ್ರೊಡೆ ತಿನ್ನಬಹುದೇ?

ತೀರ್ಥಹಳ್ಳಿಯಿಂದ

ಕಳಲೆಯನ್ನು ಮೂರು ದಿನ ನೀರು ಬದಲಿಸಿ ನೆನೆಸಬೇಕು, ಅರಗುವುದೂ ಕಷ್ಟ. ಈ ವರ್ಷ ಬಿಡಲಿ. ಪತ್ರೊಡೆಗೆ ಹುಣಸೆಹಣ್ಣು ಕಡಿಮೆಯಾದರೆ ಕೆಸುವಿನೆಲೆ ಗಂಟಲು ಕೆರೆಯುತ್ತದೆ, ಸರಿಯಾಗಿ ಹಾಕಿದರೆ ಬಾಯಿಹುಣ್ಣು ಉರಿಯುತ್ತದೆ. ಹುಣ್ಣಿಲ್ಲದ ಮೂರನೇ ವಾರದಲ್ಲಿ ಚೆನ್ನಾಗಿ ಬೇಯಿಸಿ ಎರಡು ತುಂಡು ಕೊಡಿ. ಎಲೆ ಕೊಯ್ಯಲು ತೋಡಿಗೆ ನೀವು ಇಳಿಯಿರಿ, ಹಿಟ್ಟು ಹಚ್ಚುವುದನ್ನು ಅವರಿಗೆ ಬಿಡಿ.