ಸರ್ಕಾರಿ ಶಾಲೆ ಕಾಂಪೌಂಡಿಗೆ ಹಸೆ ಚಿತ್ತಾರ: ಹಳೇ ಸುಣ್ಣದ ಗೋಡೆ ಮೇಲೆ ಬಣ್ಣ ನಿಲ್ಲಬೇಕಾದರೆ ಏನು ಮಾಡಬೇಕು?

ಗೆರೆ_ಬಣ್ಣ:
ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಕಾಂಪೌಂಡಿಗೆ ಉಚಿತವಾಗಿ ಹಸೆ ಚಿತ್ತಾರ (ಮಲೆನಾಡಿನ ಸಾಂಪ್ರದಾಯಿಕ ಗೋಡೆ ಚಿತ್ರ) ಬರೆದುಕೊಡುವ ಯೋಚನೆ ಇದೆ. ಗೋಡೆ 40 ಅಡಿ ಉದ್ದ, 6 ಅಡಿ ಎತ್ತರ, ಮೇಲೆ ಹಳೇ ಸುಣ್ಣ. ಚಿತ್ರಕಲೆ ಸ್ವಂತವಾಗಿ ಕಲಿತದ್ದು, ಕಾಗದದ ಮೇಲೆ ಕೈ ಕೂತಿದೆ, ಗೋಡೆ ಹೊಸದು. ಎಷ್ಟು ಬಣ್ಣ ಬೇಕು? ಮಳೆಗೆ ಉಳಿಯುತ್ತಾ? ಜೊತೆಗೆ ಕೈಯಲ್ಲಿ ಬರೆದ ಕಾರ್ಡು ಮಾರಿ ಶಾಲೆಯ ಗ್ರಂಥಾಲಯಕ್ಕೆ ದುಡ್ಡು ಕೂಡಿಸಬೇಕು, ಅದರ ಲೆಕ್ಕ ಹೇಗಿಡೋದು?

ಗೋಡೆ_ಕೆಲಸ:
ಮೊದಲು ಸುಣ್ಣ ಇಳಿಸಿ. ಸುಣ್ಣ ಪುಡಿ ಬಿಡುತ್ತಲೇ ಇರುತ್ತೆ. ಪ್ರೈಮರ್ (ಬಣ್ಣಕ್ಕೂ ಮುಂಚೆ ಹೊಡೆಯುವ ತಳದ ಕೋಟ್) ಆ ಪುಡಿಗೆ ಅಂಟುತ್ತೆ, ಗೋಡೆಗಲ್ಲ. ಮುಂದಿನ ಮಳೆಗಾಲಕ್ಕೆ ಎರಡೂ ಸೇರಿ ಹಪ್ಪಳದ ಹಾಗೆ ಎದ್ದು ಬರುತ್ತೆ. ಕಬ್ಬಿಣದ ಪಟ್ಟಿಯಲ್ಲಿ ಕೆರೆದು, ತಂತಿ ಬ್ರಷ್‌ನಲ್ಲಿ ಉಜ್ಜಿ, ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ. ಅಂಗೈ ಉಜ್ಜಿದರೆ ಬೆಳ್ಳಗಾಗಬಾರದು. ಒಂದು ಚದರ ಅಡಿಗೆ ಪ್ರೈಮರ್ ಹೊಡೆದು, ಮಾರನೇ ದಿನ ಪ್ಯಾಕಿಂಗ್ ಟೇಪ್ ಒತ್ತಿ ಕಿತ್ತು ನೋಡಿ. ಟೇಪಿನ ಜೊತೆ ಬಣ್ಣ ಬಂದರೆ ಇನ್ನೂ ಕೆರೀಬೇಕು ಅಂತ ಅರ್ಥ.

240 ಚದರ ಅಡಿಗೆ ಎಕ್ಸ್‌ಟೀರಿಯರ್ ಪ್ರೈಮರ್ 3 ಲೀಟರ್, ಹಿನ್ನೆಲೆಗೆ ಎರಡು ಕೋಟ್ ಎಕ್ಸ್‌ಟೀರಿಯರ್ ಎಮಲ್ಷನ್ (ನೀರಲ್ಲಿ ಕಲಸುವ ಗೋಡೆ ಬಣ್ಣ) ಸುಮಾರು 5 ಲೀಟರ್ ಹಿಡಿಯಿರಿ. ಗೋಡೆ ಒರಟಿದ್ದಷ್ಟೂ ಹೆಚ್ಚು ಕುಡಿಯುತ್ತೆ. ಗೆರೆಗಳಿಗೆ ಬಿಳಿ 1 ಲೀಟರ್, ಕಪ್ಪು ಮತ್ತು ಹಳದಿ ಅರ್ಧರ್ಧ ಲೀಟರ್ ಸಾಕು. ಗಾಢ ಬಣ್ಣವನ್ನು ಅಂಗಡಿಯ ಮೆಷಿನ್‌ನಲ್ಲೇ ಮಿಕ್ಸ್ ಮಾಡಿಸಿ. ಬಿಳಿಗೆ ಸ್ಟೇನರ್ (ಬೆರೆಸುವ ಗಟ್ಟಿ ಬಣ್ಣ) ಸುರಿದು ಗಾಢ ಮಾಡಲು ಹೋದರೆ ಬಣ್ಣ ಸರಿಯಾಗಿ ಒಣಗಲ್ಲ, ಕೈಗೆ ಹತ್ತುತ್ತೆ. ಲೀಟರಿಗೆ 30 ಮಿಲಿ ದಾಟಬೇಡಿ.

ಗೋಡೆ ಕೆಡೋದು ನಡುವೆ ಅಲ್ಲ, ಮೇಲೆ ಮತ್ತು ಕೆಳಗೆ. ನೆತ್ತಿಯ ಬಿರುಕುಗಳಿಗೆ ಸಿಮೆಂಟ್ ತುಂಬಿ, ಇಲ್ಲಾಂದ್ರೆ ನೀರು ಒಳಗಿಳಿದು ಬಣ್ಣವನ್ನು ಹಿಂದಿನಿಂದ ತಳ್ಳುತ್ತೆ. ಬುಡದ ಒಂದು ಅಡಿಗೆ ನೆಲದ ತೇವ ಏರುತ್ತೆ, ಉಪ್ಪೂ ಅದರ ಜೊತೆ. ಅಲ್ಲಿ ಎಮಲ್ಷನ್ ಹಚ್ಚಲೇಬೇಡಿ. ಕಾವಿ ಬೆರೆಸಿದ ಸುಣ್ಣ ಬಳಿದು ಖಾಲಿ ಬಿಡಿ, ವರ್ಷಕ್ಕೊಮ್ಮೆ ಮತ್ತೆ ಬಳಿದರಾಯ್ತು. ಮಲೆನಾಡಲ್ಲಿ ಈ ಕೆಲಸಕ್ಕೆ ಜನವರಿ, ಫೆಬ್ರವರಿ ಒಳ್ಳೇದು.

ಪುಂಡಿನಾರು:
ಸಾಂಪ್ರದಾಯಿಕ ಬಣ್ಣಗಳನ್ನು ಹೊರಗೋಡೆಗೆ ಬಳಸಬೇಡಿ. ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕೆಮ್ಮಣ್ಣು: ಇವೆಲ್ಲ ಸೂರಿನ ಕೆಳಗಿನ ಗೋಡೆಗೆ ಹುಟ್ಟಿದವು, ಮಳೆಗೆ ತೊಳೆದುಹೋಗ್ತವೆ. ಅವನ್ನು ಕಾರ್ಡಿಗೆ ಇಟ್ಟುಕೊಳ್ಳಿ. ಹೊರಗೆ ಅದೇ ನಾಲ್ಕು ಬಣ್ಣ ಎಮಲ್ಷನ್‌ನಲ್ಲಿ ಬರಲಿ, ಐದನೆಯದು ಬೇಡ.

ಚಿತ್ತಾರದ ಜೀವ ಇರೋದು ಗೆರೆಯ ಅಳತೆಯಲ್ಲಿ. ಕಾಗದದಲ್ಲಿ ಒಂದು ಇಂಚು, ಗೋಡೆಯಲ್ಲಿ ಒಂದು ಅಡಿ ಅಂತ ಚೌಕ ಹಾಕಿ. ಚಾಕ್‌ಪುಡಿ ಹಚ್ಚಿದ ದಾರವನ್ನು ಇಬ್ಬರು ಬಿಗಿಯಾಗಿ ಹಿಡಿದು ಚಿಮ್ಮಿಸಿದರೆ 40 ಅಡಿಯೂ ನೇರ ಬರುತ್ತೆ. ಇದ್ದಿಲು ಬೇಡ, ಬಿಳಿ ಗೆರೆ ಮಸುಕಾಗುತ್ತೆ. ಚಿತ್ತಾರಕ್ಕೆ ರೂಢಿಯಲ್ಲಿರುವ ಪುಂಡಿ ನಾರಿನ ಕುಂಚ ಒರಟು ಗೋಡೆಯಲ್ಲಿ ಬೇಗ ಸವೆಯುತ್ತೆ, ಉದ್ದ ಕೂದಲಿನ ಲೈನರ್ ಬ್ರಷ್ ತಗೊಳ್ಳಿ.

ಇನ್ನೊಂದು ಮಾತು. ಇದು ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಕಾಪಾಡಿಕೊಂಡು ಬಂದ ಕಲೆ. ಊರಲ್ಲಿ ಚಿತ್ತಾರ ಬರೆಯುವವರಿದ್ದರೆ ಕರೆಯಿರಿ, ಅವರಿಗೆ ದಿನಗೂಲಿ ಕೊಡಿ, ಗೋಡೆಯ ಮೂಲೆಯಲ್ಲಿ ಅವರ ಹೆಸರೂ ಇರಲಿ. ನೀವು ಉಚಿತವಾಗಿ ಮಾಡ್ತೀರಿ ಅಂತ ಅವರೂ ಉಚಿತವಾಗಿ ಮಾಡಬೇಕಿಲ್ಲ.

ಲೆಕ್ಕಪತ್ರ:
ದುಡ್ಡಿನ ವಿಷಯ. ಗೋಡೆ ಮುಟ್ಟುವ ಮುಂಚೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿ ಪ್ರತಿ ಇಟ್ಟುಕೊಳ್ಳಿ. ಚಿತ್ರದ ನಕ್ಷೆಯೂ ಅದಕ್ಕೆ ಲಗತ್ತಾಗಲಿ. ಅರ್ಧ ಬರೆದ ಮೇಲೆ ತಕರಾರು ಬಂದರೆ ಆ ಕಾಗದವೇ ನಿಮಗೆ ಆಧಾರ. ಸ್ವಂತ ಫೋನಿನ ಕ್ಯೂಆರ್‌ಗೆ ದಾನ ತಗೊಳ್ಳಬೇಡಿ. ಮುಖ್ಯೋಪಾಧ್ಯಾಯರು ಮತ್ತು ಎಸ್‌ಡಿಎಂಸಿ ಅಧ್ಯಕ್ಷರ ಜಂಟಿ ಖಾತೆಗೇ ಹೋಗಲಿ, ಶಾಲೆಯಿಂದಲೇ ರಸೀದಿ ಕೊಡಿಸಿ. ಕಾರ್ಡಿನ ಹಿಂದೆ ಕಾಗದ, ಬಣ್ಣ, ಅಂಚೆಗೆ ಎಷ್ಟು, ಪುಸ್ತಕಕ್ಕೆ ಎಷ್ಟು ಅಂತ ರೂಪಾಯಿ ಲೆಕ್ಕದಲ್ಲಿ ಬರೆಯಿರಿ. ‘ಲಾಭವೆಲ್ಲ ಶಾಲೆಗೆ’ ಅಂದರೆ ಯಾರಿಗೂ ಏನೂ ತಿಳಿಯಲ್ಲ.

ಗೆರೆ_ಬಣ್ಣ:
ತುಂಬಾ ಉಪಕಾರವಾಯ್ತು. ಠರಾವು ಮೊದಲು, ಕೆರೆಯೋ ಕೆಲಸ ಆಮೇಲೆ. ಚಿತ್ತಾರ ಬರೆಯುವವರ ಕೂಲಿಯನ್ನು ಬಣ್ಣದ ಖರ್ಚಿನ ಜೊತೆಗೇ ಅಂದಾಜು ಪಟ್ಟಿಗೆ ಸೇರಿಸ್ತೀನಿ.