‘ಬಿಗ್ ಬೋರ್’ ಗಾಳಿಕೋವಿಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಅಮೆರಿಕದ ಶಿಕಾರಿ ಕೈಪಿಡಿಯೊಂದರ ಅನುವಾದ ‘ಬಿಗ್ ಬೋರ್ ಏರ್ ರೈಫಲ್’ ಹತ್ತಿರ ಸಿಕ್ಕಿಕೊಂಡಿದೆ. ‘ದೊಡ್ಡ ಬೋರಿನ ಗಾಳಿ ಬಂದೂಕು’ ಎಂದರೆ ಸಾಕೇ? ಪೆಲೆಟ್, ಸ್ಲಗ್ ಎರಡಕ್ಕೂ ‘ಚರೆ’ ನಡೆಯುತ್ತದೆಯೇ? ತೀರ್ಥಹಳ್ಳಿ, ಹೊಸನಗರದ ಕಡೆಯ ಮಾತಾದರೆ ಒಳ್ಳೆಯದು.

ಉತ್ತರ: ‘ಬಂದೂಕು’ ಪತ್ರಿಕೆಯ ಮಾತು, ಮಲೆನಾಡಿನ ಬಾಯಲ್ಲಿ ಅದು ಕೋವಿ. ತೊಡಕು ‘ಬೋರ್’ನಲ್ಲಿದೆ, ಅಂದರೆ ನಳಿಗೆಯ ಒಳಗಲದ ಹೆಸರಿನಲ್ಲಿ. ಬೋರ್ ಎಂದರೆ ತೋಟದವರಿಗೆ ಕೊಳವೆಬಾವಿ, ಇಲ್ಲವೇ ಹನ್ನೆರಡು ಬೋರಿನ ತೋಟಾಕೋವಿ (ಕಾರ್ಟ್ರಿಡ್ಜ್ ಹಾಕುವ ಕೋವಿ). ಈ ಎರಡನೆಯದರ ಲೆಕ್ಕ ತಲೆಕೆಳಗು. ಒಂದು ಪೌಂಡ್ ಸೀಸವನ್ನು 12 ಸಮ ಗುಂಡು ಮಾಡಿದರೆ ಒಂದರ ಅಡ್ಡಳತೆ ಎಷ್ಟೋ ನಳಿಗೆಯ ಒಳಗಲ ಅಷ್ಟು, ಸುಮಾರು 18.5 ಮಿ.ಮೀ. 16 ಮಾಡಿದರೆ ಗುಂಡೂ ನಳಿಗೆಯೂ ಕಿರಿದು. ಅಂಕಿ ದೊಡ್ಡದಾದಷ್ಟೂ ಬೋರ್ ಸಣ್ಣ! ಗಾಳಿಕೋವಿಯದು ನೇರ ಇಂಚಿನ ಲೆಕ್ಕ: .177 ಎಂದರೆ 4.5 ಮಿ.ಮೀ., .357 ಎಂದರೆ 9, .45 ಎಂದರೆ 11.4. ‘ದಪ್ಪ ನಳಿಗೆ’ ಎಂದರೂ ಕೆಟ್ಟಿತು, ಹೊರಗಿನ ದಪ್ಪ ಎಂದಾಗುತ್ತದೆ. ‘ದೊಡ್ಡಗುಂಡಿನ ಗಾಳಿಕೋವಿ’ ನನ್ನ ಆಯ್ಕೆ.

ಚರೆ ಬೇಡವೇ ಬೇಡ. ಅದು ತೋಟಾದಿಂದ ಚದುರುವ ಕಾಳು. ಪೆಲೆಟ್ ಸೊಂಟ ಸಣ್ಣಗಿರುವ ಒಂಟಿ ಗುಂಡು. ಹಿಂಬದಿಯ ಟೊಳ್ಳು ಲಂಗ ಗಾಳಿಯ ಒತ್ತಡಕ್ಕೆ ಅರಳಿ ನಳಿಗೆಗೆ ಕಚ್ಚಿಕೊಳ್ಳುತ್ತದೆ. ಸ್ಲಗ್ ಗಟ್ಟಿ ಸೀಸ, ಅಷ್ಟು ಅರಳದು. ಅಳತೆ ಸಡಿಲವಾದರೆ ಗಾಳಿ ಪಕ್ಕದಿಂದ ಸೋರಿ ಗುರಿ ತಪ್ಪುತ್ತದೆ. ಹೀಗಾಗಿ ‘ಲಂಗದ ಗುಂಡು’, ‘ಗಟ್ಟಿಗುಂಡು’ ಎಂದು ಬೇರೆ ಮಾಡಿ.

ಸಣ್ಣಗುಂಡು, ದೊಡ್ಡಗುಂಡು ಎಂಬ ಭೇದ ಬರೀ ಮಾತಿನದಲ್ಲ. ಎರಡೂ ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹೊರಟರೆ 0.52 ಗ್ರಾಮಿನ 4.5 ಮಿ.ಮೀ. ಪೆಲೆಟ್ಟಿಗೆ 15 ಜೌಲ್ ಶಕ್ತಿ, 13 ಗ್ರಾಮಿನ .45 ಗುಂಡಿಗೆ 374. ನಮ್ಮಲ್ಲಿ ‘ಮಂಗ ಓಡಿಸೋ ಕೋವಿ, ಲೈಸನ್ಸ್ ಬೇಡ’ ಎನ್ನುವುದು ಮೊದಲನೆಯದಕ್ಕೆ ಮಾತ್ರ. 2016ರ ಆಯುಧ ನಿಯಮದಂತೆ 4.5 ಮಿ.ಮೀ. ಅಥವಾ 20 ಜೌಲ್ ಮೀರಿದ ಗಾಳಿಕೋವಿಗೆ ಪರವಾನಗಿ ಬೇಕು. ಶಿಕಾರಿಗಂತೂ 1972ರ ವನ್ಯಜೀವಿ ಕಾಯ್ದೆಯ ತಡೆಯಿದೆ. ಅಡಿಟಿಪ್ಪಣಿ ಹಾಕದಿದ್ದರೆ ಓದುಗ ಮೋಸಹೋದಾನು.

ಕೋವಿಯ ಸಿಲಿಂಡರಿಗೆ ಒತ್ತಿದ ಗಾಳಿ ಸೇರಿಸುವ ‘ಫಿಲ್’ಗೆ ‘ಗಾಳಿ ಹೊಡೆ’ ಬೇಡ, ಸೈಕಲ್ ಪಂಪು ಕಣ್ಣಿಗೆ ಬರುತ್ತದೆ. ಇಲ್ಲಿನ ಒತ್ತಡ 200 ಬಾರ್ ದಾಟುತ್ತದೆ. ‘ತುಂಬು’ ಎನ್ನಿ. ತೇವ ಹೀರುವ ಸೋಸುಕವನ್ನೂ ಬಿಡದೆ ಅನುವಾದಿಸಿ: ಆಗುಂಬೆ ಮಳೆಗಾಲದ ಗಾಳಿಯನ್ನು ಹಾಗೆಯೇ ಒತ್ತಿದರೆ ಸಿಲಿಂಡರಿನೊಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ, ವಾಲ್ವ್ ಸರಿಯಾಗಿ ಕೂರದೆ ಸೋರುತ್ತದೆ.

ಒಂದು ಸಲ ತುಂಬಿದ ಗಾಳಿಗೆ ಎಷ್ಟು ಹೊಡೆತ ಎನ್ನುವ ‘ಶಾಟ್ ಕೌಂಟ್’ಗೆ ಪದ ಹುಡುಕುವುದೇ ಬೇಡ, ‘ಈಡು’ ಇದೆ. ಕೇಪಿನ ಕೋವಿಯ ಕಾಲದಿಂದಲೂ ತುಂಬಿದ ಮದ್ದುಗುಂಡಿಗೂ ಹಾರಿದ ಹೊಡೆತಕ್ಕೂ ಅದೊಂದೇ ಮಾತು. ‘ಒಂದು ತುಂಬಿಗೆ ನಾಲ್ಕು ಈಡು, ಐದನೆಯದು ಗುರಿಯಿಂದ ಕೆಳಗೆ’ ಎಂದರೆ ಒತ್ತಡ ಇಳಿದದ್ದು ಬಿಡಿಸಿ ಹೇಳದೆಯೇ ತಿಳಿಯುತ್ತದೆ.